ಸೀಟಮ್ಮ ಹೊಲಿದ ಕವರ್

ಮೊಬೈಲ್ ಅಂಗಡಿಯವನು ಪುಸ್ತಕ ಓದುವ ಹಳೆಯ ಈ-ರೀಡರನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದರ ಕವರ್ ಬರೋದು ನಿಂತು ಎಷ್ಟೋ ವರ್ಷ ಆಯ್ತಮ್ಮ. ಎಸೆದು ಹೊಸದು ತಗೊಳ್ಳಿ," ಎಂದ.

ಸೀಟಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. "ಹಳೇದಾಯ್ತು ಅಂತ ನಿಮ್ಮಜ್ಜಿನೂ ಎಸೀತೀಯೇನೋ?" ಎಂದು ಕಿತ್ತುಕೊಂಡು ಹೊರಬಿದ್ದಳು.

ಕಾರು, ವ್ಯಾನು, ಲಾರಿಗಳ ಸೀಟು ಹೊಲಿದು ಹೊಲಿದು ಅವಳಿಗೆ ಆ ಹೆಸರು ಬಂದಿತ್ತು. ಈ-ರೀಡರ್ ಅವಳ ಅಕ್ಕನದು. ಅಕ್ಕ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿಯೇ ಆಯುಷ್ಯ ಕಳೆದವಳು. ಬೆರಳ ತುದಿ ಎಷ್ಟು ಒರಟಾಗಿತ್ತೆಂದರೆ, ಈಗಿನ ಗಾಜಿನ ಪರದೆಗಳಿಗೆ ಅದು ಬೆರಳೆಂದೇ ತಿಳಿಯುತ್ತಿರಲಿಲ್ಲ. ಈ ಹಳೆಯದರ ಅಂಚಿನಲ್ಲಾದರೋ ಗುಂಡಿಗಳಿದ್ದವು; ಒತ್ತಿದರೆ ಪುಟ ತಿರುಗುತ್ತಿತ್ತು. ಇರುವೆಯಷ್ಟಿದ್ದ ಅಕ್ಷರವನ್ನು ಜಿರಳೆಯಷ್ಟು ಮಾಡಿಕೊಂಡು ಅಕ್ಕ ಕೊಲೆ ಕಾದಂಬರಿಗಳನ್ನು ನುಂಗುತ್ತಿದ್ದಳು. ಕವರಿನ ಕೊಕ್ಕೆ ಮುರಿದ ಮೇಲೆ ಅದು ಅವಳ ಸೆಟೆದ ಕೈಯಿಂದ ಜಾರಿ ಬಿದ್ದು ಮೂಲೆ ಬಿರುಕು ಬಿಟ್ಟಿತು. ಅಂದಿನಿಂದ ಅಕ್ಕ ಗೋಡೆ ನೋಡುತ್ತ ಕೂತಿದ್ದಳು.

"ಇನ್ನೊಂದ್ಸಲ ಬಿದ್ರೆ ಪೂರ್ತಿ ಹೋಗುತ್ತೆ. ಓದಿದ್ದು ಸಾಕು ಬಿಡೇ," ಎಂದಳು ಅಕ್ಕ, ಕವರಿಲ್ಲದೆ ಮರಳಿದ ತಂಗಿಯನ್ನು ನೋಡಿ.

"ಸಾಕು ಅಂದ್ರೆ ಯಾರು ಕೇಳ್ತಾರೆ? ನಾನು ಹೊಲೀತೀನಿ ಕವರು."

"ಇದೇನು ಲಾರಿ ಸೀಟೇನೇ?"

ಆ ಮಾತು ಸೂಜಿಗಿಂತ ಜೋರಾಗಿ ಚುಚ್ಚಿತು. ಸೀಟಮ್ಮ ರಟ್ಟು ಕತ್ತರಿಸಿದಳು, ತೆಳು ಫೋಮ್ ಅಂಟಿಸಿದಳು, ಮಿಕ್ಕಿದ್ದ ಕಂದು ರೆಕ್ಸಿನ್ ಹರಡಿಕೊಂಡಳು. ಸೀಟು ಹೊಲಿಯುವವರು ಬಟ್ಟೆಯನ್ನು ಸೀಟಿಗಿಂತ ಒಂದು ಬೆರಳು ಚಿಕ್ಕದಾಗಿಯೇ ಕತ್ತರಿಸಿ, ಎಳೆದು ತೊಡಿಸುತ್ತಾರೆ. ಸುಕ್ಕು ಕಂಡರೆ ಮಾನ ಹೋಯಿತು. ಕೈಗೆ ಹತ್ತಿದ ಚಾಳಿ ಬಿಟ್ಟೀತೇ? ಇದನ್ನೂ ಹಾಗೇ ಕತ್ತರಿಸಿ, ಹಲ್ಲು ಕಚ್ಚಿ ಎಳೆದು ತೊಡಿಸಿದಳು. ತಮಟೆಯ ಹಾಗೆ ಬಿಗಿಯಾಗಿ ಕೂತಿತು.

ಅಕ್ಕ ಅರ್ಧ ಓದಿದ್ದ ಕಾದಂಬರಿ ತೆರೆದಳು. ಪುಟ ತಾನಾಗಿ ತಿರುಗಿತು. ಮತ್ತೊಂದು. ಮತ್ತೊಂದು.

"ಓಡ್ತಾ ಇದೆ ಕಣೇ! ಅಯ್ಯೋ, ನಿಲ್ಸೇ!"

ಬಿಗಿದ ರೆಕ್ಸಿನ್ ಗುಂಡಿಯನ್ನು ಅದುಮಿ ಹಿಡಿದಿತ್ತು. ಇಬ್ಬರೂ ಎಳೆದಾಡಿ ಕವರು ಕಳಚುವಷ್ಟರಲ್ಲಿ ಕಾದಂಬರಿ ಕೊನೆಯ ಪುಟಕ್ಕೆ ಬಂದು ನಿಂತಿತು. ಅಕ್ಕ ಕಣ್ಣು ಹಾಯಿಸಿದಳು. ಮುಖ ಕೆಂಪೇರಿತು.

"ಕೊಂದಿದ್ದು ಹಲ್ಲಿನ ಡಾಕ್ಟರಂತೆ. ಸಮಾಧಾನ ಆಯ್ತಾ? ಹೋಗು, ಲಾರಿಗೇ ಹೊಲಿ."

ಸೀಟಮ್ಮ ಹೊಲಿಗೆ ಬಿಚ್ಚಿ ಸಡಿಲ ಮಾಡಿದಳು. ಹಾಸಿಗೆಯ ಮೇಲೆ ಹಿಡಿದು ನೋಡಿದರೆ ಈ-ರೀಡರ್ ಜಾರಿ ದಿಂಬಿನ ಮೇಲೆ ಬಿತ್ತು. ಬಿಗಿ ಮಾಡಿದರೆ ಓಡುತ್ತದೆ, ಸಡಿಲ ಬಿಟ್ಟರೆ ಬೀಳುತ್ತದೆ. ಕವರನ್ನು ಮೂಲೆಗೆ ಎಸೆದಳು. ಬೈದುಕೊಂಡೇ ಹೋಗಿ ಎತ್ತಿಕೊಂಡಳು. ಅಷ್ಟರಲ್ಲಿ ಅಕ್ಕ ಟೀ ಕುಡಿಯುತ್ತಿದ್ದುದು ಕಣ್ಣಿಗೆ ಬಿತ್ತು. ಲೋಟವನ್ನು ಬೆರಳಲ್ಲಿ ಹಿಡಿದಿರಲಿಲ್ಲ, ಅಂಗೈ ಮೇಲೆ ಇಟ್ಟುಕೊಂಡಿದ್ದಳು.

ಥೂ, ಯಂತ್ರದ ಅಳತೆ ತಗೊಂಡೆ, ಹಿಡಿಯೋ ಕೈಯದ್ದು ತಗೊಳ್ಳಲೇ ಇಲ್ಲವಲ್ಲ ಎಂದು ತಲೆ ಚಚ್ಚಿಕೊಂಡಳು.

"ಅಕ್ಕಾ, ಕೈ ಕೊಡು."

"ಯಾಕೆ, ಬಳೆ ತೊಡಿಸ್ತೀಯಾ?"

"ಕೋಳ ತೊಡಿಸ್ತೀನಿ. ಕೊಡು ಸುಮ್ನೆ."

ಟೇಪು ಹಿಡಿದು ಅಂಗೈ ಅಳೆದಳು. ಈ ಸಲ ನಾಲ್ಕು ಮೂಲೆಗೆ ಮಾತ್ರ ಇಲಾಸ್ಟಿಕ್ ಹಾಕಿ, ಗುಂಡಿಗಳಿದ್ದ ಅಂಚನ್ನು ಪೂರ್ತಿ ಬಿಟ್ಟಳು. ಹಿಂದುಗಡೆ ಅಂಗೈ ತೂರಿಸುವಂತೆ ಅಗಲ ಪಟ್ಟಿ ಹೊಲಿದು, ಒಳಮೈಗೆ ಫೋಮ್ ಕೊಟ್ಟಳು.

"ಕೈ ತೂರಿಸು. ಈಗ ತಲೆಕೆಳಗೆ ಮಾಡು."

"ಕೆಳಗೆ ಬರೀ ನೆಲ ಕಣೇ!"

"ಬಿದ್ರೆ ನಾನು ಇನ್ನು ಸೂಜಿ ಮುಟ್ಟಲ್ಲ. ತಿರುಗಿಸು."

ಅಕ್ಕ ಕಣ್ಣು ಮುಚ್ಚಿ ಕೈ ತಿರುಗಿಸಿದಳು. ಬಾವಲಿಯ ಹಾಗೆ ನೇತಾಡಿತೇ ಹೊರತು ಬೀಳಲಿಲ್ಲ. ಅಕ್ಕ ಒಂದು ಕಣ್ಣು ಬಿಟ್ಟಳು. ಕೈ ಒದರಿದಳು. ಊಹೂಂ, ಕಚ್ಚಿಕೊಂಡೇ ಇತ್ತು.

ಅಕ್ಕ ಕಿಟಕಿಯ ಬಳಿ ಹೋಗಿ ಕೂತು ಗುಂಡಿ ಒತ್ತಿದಳು. ಒಂದೇ ಪುಟ ತಿರುಗಿತು. ಸೀಟಮ್ಮ ಹಿಂದಿನಿಂದ ಇಣುಕಿದಳು.

"ಅದೇ ಪುಸ್ತಕಾನಾ? ಕೊಂದಿದ್ದು ಯಾರು ಅಂತ ಗೊತ್ತಾಯ್ತಲ್ಲ."

"ಹೆಂಗೆ ಸಿಕ್ಕಿಬಿದ್ದ ಅಂತ ಗೊತ್ತಿಲ್ವಲ್ಲ. ಬೆಳಕಿಗೆ ಅಡ್ಡ ನಿಲ್ಬೇಡ, ಸರಿಯೇ ಅತ್ಲಾಗೆ."