ಉಸಿರಮ್ಮನ ಎರಡು ಪಾಠ

ದೊಡ್ಡಮ್ಮ ಆ ಆಸ್ಪತ್ರೆಯ ಲಾಂಡ್ರಿಯಲ್ಲಿ ಮಡಿಸಿದ ಬೆಡ್‌ಶೀಟುಗಳನ್ನೆಲ್ಲ ಒಂದರ ತುದಿಗೆ ಒಂದು ಹೊಲಿದಿದ್ದರೆ ಭೂಮಿಗೆ ಎರಡು ಸುತ್ತು ಬಂದು, ಮಿಕ್ಕಿದ್ದರಲ್ಲಿ ಚಂದ್ರನಿಗೆ ಒಂದು ಕುಲಾವಿಯನ್ನೂ ಹೊಲಿಯಬಹುದಿತ್ತು. ಅಷ್ಟನ್ನೂ ಅವಳೊಬ್ಬಳೇ ಮಡಿಸಿದ್ದು. ಇದರಲ್ಲಿ ಅರ್ಧ ಸುಳ್ಳು ಅಂತ ಈಗಲೇ ಒಪ್ಪಿಕೊಂಡುಬಿಡೋಣ. ಸುತ್ತು ಒಂದೇ ಇರಬಹುದು. ಒಬ್ಬಳೇ ಅಲ್ಲ, ಇಬ್ಬರು. ಒಬ್ಬರೇ ಮಡಿಸೋಕೆ ಬೆಡ್‌ಶೀಟೇನು ಕರವಸ್ತ್ರವೇ?

ಇನ್ನೊಬ್ಬಳು ಅವಳ ಓರಗಿತ್ತಿ. ಅಣ್ಣನನ್ನು ಇವಳು ಕಟ್ಟಿಕೊಂಡಳು, ತಮ್ಮನನ್ನು ಅವಳು. ಆ ಅಣ್ಣತಮ್ಮಂದಿರು ಪೈಪೋಟಿಗೆ ಬಿದ್ದವರ ಹಾಗೆ ಒಂದೇ ವರ್ಷದಲ್ಲಿ ಇಬ್ಬರೂ ಹೋದರು. ಉಳಿದ ಇವರಿಬ್ಬರಿಗೆ ಮನೆಯಲ್ಲಿ ಸೌಟು ಯಾವ ಮೊಳೆಗೆ ನೇತುಹಾಕಬೇಕು ಅನ್ನುವುದರಲ್ಲೂ ಒಮ್ಮತವಿಲ್ಲ. ಬೆಡ್‌ಶೀಟು ಹಿಡಿದರೆ ಮಾತ್ರ ಒಂದೇ ಮೈಯ ಎರಡು ಕೈ.

ಕೆಲಸ ಹೀಗೆ. ದೊಡ್ಡ ಉರುಳೆ ಇಸ್ತ್ರಿಯ ಬಾಯಿಂದ ಬೆಡ್‌ಶೀಟು ಬಿಸಿಬಿಸಿಯಾಗಿ ಬರುತ್ತದೆ. ಇಬ್ಬರೂ ಎರಡೆರಡು ಮೂಲೆ ಹಿಡಿದು, ಫಟ್ ಅಂತ ಒಮ್ಮೆ ಕೊಡವಿ, ಎದುರುಬದುರಾಗಿ ನಡೆದು ಬರಬೇಕು. ಒಬ್ಬಳು ತನ್ನ ಮೂಲೆಗಳನ್ನು ಇನ್ನೊಬ್ಬಳ ಕೈಗೆ ಕೊಡಬೇಕು. ತೆಗೆದುಕೊಂಡವಳು “ಬಿಡು” ಅನ್ನಬೇಕು, ಕೊಟ್ಟವಳು ಆ ಕ್ಷಣವೇ ಬಿಡಬೇಕು. ಬೇಗ ಬಿಟ್ಟರೆ ನೆಲಕ್ಕೆ ಬಿದ್ದು ಮತ್ತೆ ತೊಳೆಯೋಕೆ ಹೋಗುತ್ತದೆ, ತಡವಾಗಿ ಬಿಟ್ಟರೆ ಮಡಿಕೆ ಸೊಟ್ಟ. ದಿನಕ್ಕೆ ನಾನೂರು ಬೆಡ್‌ಶೀಟು, ನಾನೂರು “ಬಿಡು”.

ಮೊದಲೆಲ್ಲ ತೆಗೆದುಕೊಂಡು ತಲೆಯ ಮೇಲಕ್ಕೆ ಎತ್ತಿ ಹಿಡಿಯುವವಳು ದೊಡ್ಡಮ್ಮನೇ. ಎಂಟು ತಿಂಗಳ ಹಿಂದೆ ಅವಳ ಬಲತೋಳು ಮುಷ್ಕರ ಹೂಡಿತು. ಹೆಗಲಿನ ಮಟ್ಟಕ್ಕೆ ಬಂದು ನಿಂತರೆ ನಿಂತೇಬಿಡುತ್ತಿತ್ತು, ಯಾರ ಮಾತೂ ಕೇಳುತ್ತಿರಲಿಲ್ಲ. ಓರಗಿತ್ತಿ ಎರಡು ದಿನ ನೋಡಿದಳು. ಮೂರನೆಯ ದಿನ ಏನೂ ಕೇಳದೆ ತೆಗೆದುಕೊಳ್ಳುವ ಕಡೆಗೆ ಬಂದು ನಿಂತು, “ಬಿಡಕ್ಕಾ” ಅಂದಳು. ಅವತ್ತಿನಿಂದ ಬಿಡುವವಳು ದೊಡ್ಡಮ್ಮ. ಈ ವಿಷಯ ಅವರಿಬ್ಬರಿಗೆ ಬಿಟ್ಟರೆ ಅಲ್ಲಿನ ನೊಣಕ್ಕೂ ಗೊತ್ತಿರಲಿಲ್ಲ.

ಗೊತ್ತಾಗಲೂ ಬಾರದು. ಹಿಂದಿನ ತಿಂಗಳು ತೊಳೆಯುವ ಯಂತ್ರದವನಿಗೆ ಮಂಡಿ ಹಿಡಿದಾಗ “ವಿಶ್ರಾಂತಿ” ಕೊಟ್ಟರು. ವಿಶ್ರಾಂತಿ ಅಂದರೆ ಆ ಕಟ್ಟಡದ ಭಾಷೆಯಲ್ಲಿ ಗೇಟಿನ ಆಚೆ ಅಂತ ಅರ್ಥ. ಗೇಟಿನ ಆಚೆ ದೊಡ್ಡಮ್ಮನಿಗಾಗಿ ಕಾದಿದ್ದವಳು ಸೊಸೆ. ಒಳ್ಳೆಯ ಹುಡುಗಿಯೇ, ಕೆಟ್ಟವಳು ಅಂದರೆ ನಾಲಗೆ ಬಿದ್ದುಹೋದೀತು. ಆದರೆ ಅತ್ತೆ ಎದ್ದು ನಿಂತರೆ ಸಾಕು, “ಕೂತ್ಕೊಳ್ಳಿ ಅತ್ತೆ, ಕೂತ್ಕೊಳ್ಳಿ” ಅನ್ನುತ್ತಾಳೆ, ಒಳಗೆ ನುಗ್ಗಿದ ನಾಯಿಗೆ ಹೇಳುವ ದನಿಯಲ್ಲಿ. ಭಾನುವಾರ ಒಂದು ದಿನ ಮನೆಯ ಕುರ್ಚಿಯಲ್ಲಿ ಕೂರುವಷ್ಟಕ್ಕೇ ದೊಡ್ಡಮ್ಮನಿಗೆ ಗೋಡೆಯ ಗಡಿಯಾರ ಕಿತ್ತು ನುಂಗಿಬಿಡೋಣ ಅನ್ನಿಸುತ್ತಿತ್ತು. ಉಳಿದ ಆಯುಷ್ಯವೆಲ್ಲ ಭಾನುವಾರವೇ ಆಗಿಬಿಟ್ಟರೆ?

ಹೀಗಿರುವಾಗ ಲಾಂಡ್ರಿಯ ಸೂಪರ್‌ವೈಸರ್ ಒಂದು ಕಾಗದ ಹಿಡಿದು ಬಂದ. ಅವನಿಗೆ ಎಲ್ಲರೂ ಇಟ್ಟ ಹೆಸರು ಗರಿಗರಿ. ಅಂಗಿಗೆ ಅಷ್ಟು ಗಂಜಿ ಹಾಕಿಸುತ್ತಿದ್ದ, ಮೊದಲು ಅವನು ತಿರುಗುತ್ತಿದ್ದ, ಸ್ವಲ್ಪ ಹೊತ್ತಾದ ಮೇಲೆ ಅಂಗಿ ತಿರುಗುತ್ತಿತ್ತು.

“ಅರಿವಿನ ಚಲನೆ. ಮೈ ಹಗುರ, ಮನಸ್ಸು ಹಗುರ,” ಅಂತ ಓದಿದ. “ಎರಡು ದಿನ, ಊಟದ ಹೊತ್ತಲ್ಲಿ ಅರ್ಧ ಗಂಟೆ. ಎಲ್ಲರೂ ಬರಲೇಬೇಕು. ಒತ್ತಡ ಕಡಿಮೆ ಆಗುತ್ತೆ.”

“ಯಾರ ಒತ್ತಡ ಸಾರ್?” ಇಸ್ತ್ರಿಯವನು ಕೇಳಿದ.

“ನಿಮ್ಮದೇ ಕಣ್ರೀ.”

“ನಮಗಿರೋ ಒತ್ತಡ ಒಂದೇ ಸಾರ್, ಊಟಕ್ಕೆ ಹೊತ್ತು ಸಾಲಲ್ಲ ಅನ್ನೋದು.”

ಗರಿಗರಿ ಕಿವುಡನ ಹಾಗೆ ಮುಂದುವರಿದ. “ಯಾರ ಸೊಂಟ ಎಷ್ಟು ಬಗ್ಗುತ್ತೆ, ಯಾರ ಕೈ ಎಷ್ಟು ಏಳುತ್ತೆ ಅಂತ ಕಲಿಸೋಕೆ ಬರೋ ಮೇಡಂ ಬರ್ಕೊಂಡು ಕೊಡ್ತಾರೆ. ಆಗದೇ ಇರೋರಿಗೆ ವಿಶ್ರಾಂತಿ.”

ದೊಡ್ಡಮ್ಮ ಓರಗಿತ್ತಿಯ ಮುಖ ನೋಡಲಿಲ್ಲ. ಓರಗಿತ್ತಿಯೂ ಇವಳ ಮುಖ ನೋಡಲಿಲ್ಲ. ಅವತ್ತು ಮೊದಲ ಸಲ ಇಬ್ಬರ ಕೈಯಲ್ಲಿ ಒಂದು ಬೆಡ್‌ಶೀಟಿನ ಮಡಿಕೆ ಸೊಟ್ಟವಾಯಿತು.

ಬಂದವಳಿಗೆ ಏನೋ ಒಂದು ಹೆಸರಿತ್ತು. ಹತ್ತು ನಿಮಿಷದಲ್ಲಿ ಅದು ಉಸಿರಮ್ಮ ಆಯಿತು, ಯಾಕೆಂದರೆ ಏನು ಕೇಳಿದರೂ “ಮೊದಲು ಉಸಿರು ತಗೊಳ್ಳಿ” ಅನ್ನುತ್ತಿದ್ದಳು. ಕಕ್ಕಸು ಎಲ್ಲಿದೆ ಅಂತ ಅವಳು ಕೇಳಿದಾಗ ಗಾಡಿ ತಳ್ಳುವವನು “ಮೊದಲು ಉಸಿರು ತಗೊಳ್ಳಿ ಮೇಡಂ, ಆಮೇಲೆ ಆ ಕಡೆ ಹೋದ್ರೆ ತಗೊಳ್ಳೋಕಾಗಲ್ಲ” ಅಂದನಂತೆ. ಉಟ್ಟಿದ್ದು ಹಾಲಿನಂಥ ಬಿಳಿ ಬಟ್ಟೆ. ಕಲೆ ತೆಗೆಯುವುದರಲ್ಲೇ ತಲೆ ನರೆಸಿಕೊಂಡ ದೊಡ್ಡಮ್ಮನಿಗೆ ಒಂದೇ ನೋಟದಲ್ಲಿ ಗೊತ್ತಾಯಿತು, ಆ ಬಟ್ಟೆ ಹುಟ್ಟಿದಾಗಿನಿಂದ ಒಂದು ಕೆಲಸದ ಪಕ್ಕದಲ್ಲೂ ಹಾದುಹೋಗಿಲ್ಲ. ಮಾತೋ, ಎಷ್ಟು ನಿಧಾನ ಅಂದರೆ, ಒಂದು ಮಾತು ಮುಗಿಯುವಷ್ಟರಲ್ಲಿ ಎರಡು ದಿಂಬಿನ ಚೀಲ ಮಡಿಸಿಡಬಹುದಿತ್ತು.

“ನೆಲ ತಣ್ಣಗಿದೆ,” ಅಂದಳು. “ಹಾಸ್ಕೊಳ್ಳೋಕೆ ಏನಾದ್ರೂ ಇದೆಯಾ?”

ಲಾಂಡ್ರಿಯ ನಡುವೆ ನಿಂತು ಕೇಳಿದ್ದು! ಗರಿಗರಿ ಓಡಿಹೋಗಿ, ಆಗಷ್ಟೇ ಮಡಿಸಿಟ್ಟ ಸಾಲಿನಿಂದ ಹದಿನೆಂಟು ಬೆಡ್‌ಶೀಟು ಎಳೆದು ನೆಲಕ್ಕೆ ಹರವಿದ.

“ಅಷ್ಟನ್ನೂ ಮತ್ತೆ ತೊಳೀಬೇಕಲ್ಲ ಸಾರ್,” ಅಂದಳು ದೊಡ್ಡಮ್ಮ.

“ಮನಸ್ಸಿನ ಕೊಳೆ ಹೋಗೋವಾಗ ಬೆಡ್‌ಶೀಟಿನ ಕೊಳೆ ಯಾಕಮ್ಮ ನೋಡ್ತೀರಿ?” ಅಂದ ಗರಿಗರಿ, ಉಸಿರಮ್ಮನ ಕಡೆ ಹಲ್ಲು ಬಿಟ್ಟು. ಹೊರಗಿನವರಿದ್ದರೆ ಅವನ ಬಾಯಲ್ಲಿ “ಅಮ್ಮ”, “ನೀವು”. ಇಲ್ಲದಿದ್ದರೆ “ಏ ಮುದುಕಿ”.

ಮೊದಲನೆಯ ಪಾಠ ಶುರುವಾಯಿತು. “ಕಣ್ಣು ಮುಚ್ಚಿ. ನಿಮ್ಮ ಪಾದ ನೆಲಕ್ಕೆ ತಾಗಿರೋದನ್ನ ಗಮನಿಸಿ.”

ದೊಡ್ಡಮ್ಮ ಗಮನಿಸಿದಳು. ಇಪ್ಪತ್ತೆರಡು ವರ್ಷದಿಂದ ಗಮನಿಸುತ್ತಲೇ ಇದ್ದಳು. ಸಂಜೆಯ ಹೊತ್ತಿಗೆ ಆ ಪಾದಗಳೇ ಹೆಸರು ಹಿಡಿದು ಕೂಗಿ ಗಮನ ಸೆಳೆಯುತ್ತಿದ್ದವು. ನೆಲ ಕಾಲಿಗೆ ತಾಗುತ್ತದೆ ಅಂತ ಹೇಳಿಕೊಡಲು ಒಬ್ಬಳು ಕಾರಿನಲ್ಲಿ ಬರಬೇಕಾಯಿತಲ್ಲ!

“ಪಾದ ನಿಮಗೆ ಏನೋ ಹೇಳ್ತಿದೆ. ಏನು ಹೇಳ್ತಿದೆ?”

“ಕೂತ್ಕೋ ಅಂತಿದೆ,” ಹಿಂದಿನ ಸಾಲಿನಿಂದ ಓರಗಿತ್ತಿ.

ಗಾಡಿ ತಳ್ಳುವವನು ನಿಂತಲ್ಲೇ ಗೊರಕೆ ಹೊಡೆದ. “ನೋಡಿ, ಇವರು ಎಷ್ಟು ಆಳಕ್ಕೆ ಇಳಿದಿದ್ದಾರೆ,” ಅಂತ ಉಸಿರಮ್ಮ ಮೆಚ್ಚಿಕೊಂಡಳು. ಗರಿಗರಿಯೂ ತಲೆ ಆಡಿಸಿದ. ಬೇರೆ ದಿನವಾಗಿದ್ದರೆ ಅದೇ ಗೊರಕೆಗೆ ಅವನ ಕೆಲಸ ಹೋಗುತ್ತಿತ್ತು.

“ಈಗ ಎರಡೂ ಕೈ... ಮೋಡ ಏಳೋ ಹಾಗೆ... ಮೇಲಕ್ಕೆ.”

ದೊಡ್ಡಮ್ಮನ ಎಡಗೈ ಮೋಡವಾಯಿತು. ಬಲಗೈ ಹೆಗಲಿನವರೆಗೆ ಬಂದು ನಿಂತಿತು. ಅರ್ಧ ತೆರೆದ ಕಣ್ಣಿನಲ್ಲಿ ನೋಡಿದರೆ ಉಸಿರಮ್ಮ ಪೆನ್ನು, ರಟ್ಟು ಹಿಡಿದು ಸಾಲಿನ ತುದಿಯಿಂದ ಒಬ್ಬೊಬ್ಬರನ್ನೇ ನೋಡಿಕೊಂಡು ಬರುತ್ತಿದ್ದಾಳೆ. ನಾಲ್ಕು ಜನರ ಆಚೆ. ಮೂರು. ಅಷ್ಟರಲ್ಲಿ ಹಿಂದಿನಿಂದ ಬಂದ ಗಟ್ಟಿ ಬೆರಳುಗಳು ಅವಳ ಮೊಣಕೈ ಹಿಡಿದು ಒಂದೇ ಸಲಕ್ಕೆ ಮೇಲೆತ್ತಿದವು. ಓರಗಿತ್ತಿ! ತೋಳಿನೊಳಗೆ ಹಸಿ ಸೌದೆ ಸೀಳಿದ ಹಾಗಾಯಿತು. ದೊಡ್ಡಮ್ಮನ ಕಣ್ಣಿಂದ ನೀರು ದಳದಳ ಇಳಿಯಿತು.

ಉಸಿರಮ್ಮ ಅವಳ ಮುಂದೆ ನಿಂತು ಮುಖ ನೋಡಿದಳೇ ಹೊರತು ಮೊಣಕೈ ನೋಡಲಿಲ್ಲ. “ಅಳು ಬಂದ್ರೆ ಬರಲಿ ಅಮ್ಮ, ತಡೀಬೇಡಿ. ಒಳಗಿನ ಗಂಟು ಕರಗ್ತಿದೆ.”

“ಹೌದು ತಾಯಿ, ಕರಗ್ತಿದೆ,” ಅಂದಳು ದೊಡ್ಡಮ್ಮ, ಹಲ್ಲು ಕಚ್ಚಿಕೊಂಡು.

ಸಂಜೆ ಮನೆಗೆ ನಡೆಯುವಾಗ ಓರಗಿತ್ತಿ ತನ್ನ ಮಣಿಕಟ್ಟು ತಿಕ್ಕಿಕೊಂಡಳು. “ನಿನ್ನ ತೋಳಾ ಅದು, ಕಬ್ಬಿಣದ ಪೈಪಾ?”

“ನಿನ್ನ ಉಗುರು ಕತ್ತರಿಸ್ಕೋ ಮೊದಲು.”

“ನಾಳೆ ಏನು ಮಾಡ್ತೀಯಕ್ಕಾ?”

“ನಾಳೇನೂ ನೀನು ಹಿಂದೆ ನಿಂತ್ಕೋ.”

ಆದರೆ ಮರುದಿನ ಉಸಿರಮ್ಮ ಬರುತ್ತಲೇ, “ಇವತ್ತು ಜೋಡಿ ಚಲನೆ,” ಅಂದಳು. “ದಿನಾ ಜೊತೆಗಿರೋರ ಜೊತೆ ಬೇಡ. ಹೊಸಬರನ್ನ ಹುಡುಕಿಕೊಳ್ಳಿ.”

ದೊಡ್ಡಮ್ಮ ಹುಡುಕುವ ಮೊದಲೇ ಎದುರಿಗೆ ಗಂಜಿಯ ವಾಸನೆ ಬಂದು ನಿಂತಿತು. “ನಾನು ನಮ್ಮ ಹಿರಿಯರ ಜೊತೆ ಮಾಡ್ತೀನಿ ಮೇಡಂ,” ಅಂದ ಗರಿಗರಿ. ಹಿರಿಯರಂತೆ! ಉಸಿರಮ್ಮ ಎದೆಯ ಮೇಲೆ ಕೈ ಇಟ್ಟು ಕರಗಿಹೋದಳು.

ಒಬ್ಬರ ಮಣಿಕಟ್ಟು ಒಬ್ಬರು ಹಿಡಿದು, ಕುರ್ಚಿಯಲ್ಲಿ ಕೂರುವ ಹಾಗೆ ಮಂಡಿ ಬಗ್ಗಿಸಿ, ನಿಧಾನವಾಗಿ ಇಬ್ಬರೂ ಹಿಂದಕ್ಕೆ ವಾಲಬೇಕು. ನಿಮ್ಮ ಭಾರ ಅವರಿಗೆ, ಅವರ ಭಾರ ನಿಮಗೆ. ಹೇಳೋಕೆ ಚೆಂದ. ಗರಿಗರಿಯ ಭಾರ ಅಂದರೆ ನೆನೆದ ಕಂಬಳಿಗಳ ಒಂದು ಗಾಡಿ. ಅವನು ವಾಲಿದ. ದೊಡ್ಡಮ್ಮನ ಬಲತೋಳು ಬೇರಿನಿಂದ ಕಿತ್ತು ಬರುವ ಹಾಗಾಯಿತು.

“ಏನಿದು, ಬಲಗೈ ನಡುಗ್ತಿದೆ?” ಅವನು ಮೆಲ್ಲಗೆ ಕೇಳಿದ.

“ನಿಮ್ಮ ಭಾರ ಸಾರ್. ದೊಡ್ಡ ಮನುಷ್ಯರ ಭಾರ.”

“ಎಡಗೈ ನಡುಗ್ತಿಲ್ವಲ್ಲ. ಏನೋ ಮುಚ್ಚಿಡ್ತಿದೀಯ ಮುದುಕಿ. ಪಾಠ ಮುಗೀಲಿ, ಮೇಡಂ ಹತ್ರ ಬರೆಸ್ತೀನಿ.”

ಉಸಿರಮ್ಮ ಜೋಡಿಗಳ ನಡುವೆ ತೇಲುತ್ತ ಬರುತ್ತಿದ್ದಳು. “ಭಯ ಬಿಡಿ... ಚಿಂತೆ ಬಿಡಿ... ಮೈಯ ಬಿಗಿ ಬಿಡಿ...” ಪ್ರತಿ ಸಲವೂ ದೊಡ್ಡಮ್ಮನ ಬೆರಳು ತಂತಾನೇ ಮಿಡುಕುತ್ತಿದ್ದವು. ಆಚೆ ಜೋಡಿಯಲ್ಲಿ ಇಸ್ತ್ರಿಯವನ ಕೈ ಹಿಡಿದಿದ್ದ ಓರಗಿತ್ತಿಗೆ ಅದು ಕಂಡಿತು. ಅವಳು ಬಾಯಿ ತೆರೆಯುವುದಕ್ಕೂ, ಉಸಿರಮ್ಮ ದೊಡ್ಡಮ್ಮನ ಕಿವಿಯ ಹತ್ತಿರ ಬಗ್ಗಿ ಜೇನಿನ ದನಿಯಲ್ಲಿ “ಬಿ...ಡಿ...” ಅನ್ನುವುದಕ್ಕೂ ಸರಿಹೋಯಿತು.

ಎರಡೂ ಕೈ ತೆರೆದುಕೊಂಡವು. ದಿನಕ್ಕೆ ನಾನೂರು ಸಲ ತೆರೆದುಕೊಳ್ಳುವ ಹಾಗೆಯೇ, ಕೂದಲೆಳೆಯಷ್ಟೂ ತಡವಿಲ್ಲದೆ.

ಗರಿಗರಿ ಕೂತ ಭಂಗಿಯಲ್ಲೇ ಹಾರಿ, ಕೂತ ಭಂಗಿಯಲ್ಲೇ ನೆಲಕ್ಕೆ ಬಿದ್ದ. ಮೂರನೆಯ ಮಹಡಿಯ ರೋಗಿಗಳು ಎದ್ದು ಕೂತರು ಅಂದರೆ ನೀವು ನಂಬಬೇಕಾಗಿಲ್ಲ, ಆದರೆ ಎರಡನೆಯ ಮಹಡಿಯವರು ಎದ್ದದ್ದು ಖಂಡಿತ. ಅವತ್ತೂ ಕೆಳಗೆ ಹರವಿದ್ದ ಬೆಡ್‌ಶೀಟು ಜಾರಿ ಅವನನ್ನು ಗಾಡಿಯ ಚಕ್ರದವರೆಗೂ ಮೆರವಣಿಗೆ ಕರೆದುಕೊಂಡು ಹೋಯಿತು. ಅಂಗಿ ಬೆನ್ನಿನ ಮೇಲೆ ಪರ್ರ್ ಅಂತ ಎರಡು ಹೋಳಾಯಿತು.

ಯಾರೂ ನಗಲಿಲ್ಲ. ನಗದೇ ಇರೋದಕ್ಕೆ ಪಟ್ಟ ಪಾಡಿನಲ್ಲಿ ಇಸ್ತ್ರಿಯವನಿಗೆ ಬಿಕ್ಕಳಿಕೆ ಹತ್ತಿತು.

ಉಸಿರಮ್ಮ ಅವನ ಪಕ್ಕ ಮಂಡಿಯೂರಿದಳು. “ಬಿದ್ದದ್ದನ್ನ ಗಮನಿಸಿ ಸಾರ್. ನೋವನ್ನ ಸುಮ್ನೆ ನೋಡಿ, ತೀರ್ಪು ಕೊಡ್ಬೇಡಿ. ಉಸಿರು ತಗೊಳ್ಳಿ.”

ಗರಿಗರಿ ಉಸಿರು ತೆಗೆದುಕೊಂಡ. ಅದು ಹೊರಗೆ ಬರುವಾಗ ಜೊತೆಗೆ ದೊಡ್ಡಮ್ಮನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಬಂದರು. ಮೈ ಹಗುರವಾಯಿತೋ ಇಲ್ಲವೋ, ಅವನ ಮನಸ್ಸಂತೂ ಹಗುರವಾಯಿತು.

ಮರುದಿನ ಬೆಳಿಗ್ಗೆ ದೊಡ್ಡಮ್ಮನಿಗೆ ಆಫೀಸು ಕೋಣೆಯಿಂದ ಕರೆ ಬಂತು. ಇದ್ದ ಒಂದೇ ಕುರ್ಚಿಯಲ್ಲಿ, ಪಟ್ಟಿ ಒಪ್ಪಿಸಲು ಬಂದ ಉಸಿರಮ್ಮ, ತೊಡೆಯ ಮೇಲೆ ರಟ್ಟು. ಗರಿಗರಿ ಮೇಜಿಗೆ ಎರಡೂ ಕೈ ಊರಿ ನಿಂತಿದ್ದ. ಕೂರುವ ಸ್ಥಿತಿಯಲ್ಲಿ ಇರಲಿಲ್ಲ, ಪಾಪ. ಬಾಗಿಲಿನ ಆಚೆ ಓರಗಿತ್ತಿ ಕಿವಿ ಅಂಟಿಸಿಕೊಂಡಿದ್ದಳು. ಅವಳ ಸೀರೆಯ ಅಂಚು ಬಾಗಿಲ ಕೆಳಗಿಂದ ಒಳಗೇ ಬಂದಿತ್ತು.

“ಸುತ್ತಿಬಳಸಿ ಮಾತು ಬೇಡ,” ಅಂದ ಗರಿಗರಿ. “ನಿನ್ನೆ ನೀವು ಕೈ ಬಿಟ್ರಿ. ಕೈಯಲ್ಲಿ ಶಕ್ತಿ ಇಲ್ದೆ ಬಿಟ್ರಾ, ಬೇಕು ಅಂತಲೇ ಬಿಟ್ರಾ? ಶಕ್ತಿ ಇಲ್ಲ ಅಂದ್ರೆ ಮೇಡಂ ಈಗ್ಲೇ ಬರ್ಕೋತಾರೆ, ವಿಶ್ರಾಂತಿ. ಬೇಕು ಅಂತ ಬಿಟ್ಟಿದ್ರೆ, ಮೇಲಿನವರ ಮೈಮೇಲೆ ಕೈ ಮಾಡಿದ ಹಾಗೆ. ಇವತ್ತೇ ಗೇಟು. ಎರಡರಲ್ಲಿ ಯಾವ್ದು, ಹೇಳಿ.”

ಉಸಿರಮ್ಮ ಪೆನ್ನಿನ ಮುಚ್ಚಳ ತೆಗೆದಳು. “ಮೊದಲು ಉಸಿರು ತಗೊಳ್ಳಿ ಅಮ್ಮ.”

ದೊಡ್ಡಮ್ಮ ನಿಜವಾಗಿಯೂ ತೆಗೆದುಕೊಂಡಳು. ಎರಡು ದಿನದ ಪಾಠದಲ್ಲಿ ಅವಳಿಗೆ ಉಪಯೋಗಕ್ಕೆ ಬಂದದ್ದು ಅದೊಂದೇ. ತೋಳು ಸುಡುತ್ತಿದ್ದದ್ದು ನಿಜ. ಅವನು ಬಿದ್ದಾಗ ಹೊಟ್ಟೆಯೊಳಗೆ ತಣ್ಣಗಾದದ್ದೂ ನಿಜ, ಯಾರಾಣೆ ಬೇಕಾದರೂ ಇಡಿಸಿ. ಆದರೆ ಕೈ ತೆರೆದುಕೊಂಡದ್ದು ಆ ಎರಡರಿಂದಲೂ ಅಲ್ಲ. ಅವಳು ಗರಿಗರಿಯನ್ನು ನೋಡಲಿಲ್ಲ. ಉಸಿರಮ್ಮನ ಕಡೆ ತಿರುಗಿ, ಶಾಲೆಯ ಮಗುವಿನ ಹಾಗೆ ಕೈ ಕಟ್ಟಿ, ಒಂದೇ ಒಂದು ಮಾತು ಹೇಳಿದಳು. ಅದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ.

ಉಸಿರಮ್ಮನ ಕಿವಿಯ ತುದಿ ಕೆಂಪಾಯಿತು. ಪೆನ್ನಿಗೆ ಮುಚ್ಚಳ ಹಾಕಿದಳು. ಗರಿಗರಿ ಕಣ್ಣು ಕೆಂಪಗೆ ಮಾಡಿ ನೋಡಿದ್ದು ದೊಡ್ಡಮ್ಮನನ್ನಲ್ಲ, ಕುರ್ಚಿಯಲ್ಲಿದ್ದವಳನ್ನು. ಬಾಗಿಲ ಆಚೆ ಓರಗಿತ್ತಿ ಬಾಯಿಗೆ ಸೆರಗು ತುರುಕಿಕೊಂಡು ಗೋಡೆಗೆ ಒರಗಿದಳು. ಹತ್ತು ನಿಮಿಷದ ನಂತರ ಇಬ್ಬರೂ ಬಿಸಿ ಬೆಡ್‌ಶೀಟಿನ ಎರಡು ತುದಿಯಲ್ಲಿದ್ದರು. ಮೂರನೆಯ ಪಾಠ ಆ ಕಟ್ಟಡದಲ್ಲಿ ಇವತ್ತಿನವರೆಗೂ ನಡೆದಿಲ್ಲ.

ಅವಳು ಹೇಳಿದ ಆ ಒಂದು ಮಾತು ಏನು ಅಂತ ಕೇಳುತ್ತೀರಾ? ಇಷ್ಟು ಹೊತ್ತು ಕಿವಿಗೊಟ್ಟು ಕೂತವರು ನೀವು, ಗಾಡಿಯವನ ಹಾಗೆ ಆಳಕ್ಕೆ ಇಳಿದುಬಿಟ್ಟಿಲ್ಲ ತಾನೇ? ಹಾಗಾದರೆ ನೀವೇ ಹೇಳಿ ನೋಡೋಣ, ಏನು ಹೇಳಿರಬಹುದು?