ಮಸ್ಕತ್ತಿನ ದೂರ

ಮುಂಬಯಿಯಿಂದ ಮಸ್ಕತ್ತಿಗೆ ವಿಮಾನದಲ್ಲಿ ಬರೀ ಮೂರು ಗಂಟೆ ಎಂದು ಅಮೃತೇಶ್ ವೆಲ್ಡಿಂಗ್ ಕೆಲಸಕ್ಕೆ ಹೊರಡುವಾಗ ಹೇಳಿದ್ದ. ಹೆಂಡತಿ ರುದ್ರಾಣಿ ಆ ಮಾತನ್ನೇ ಹಿಡಿದುಕೊಂಡಳು. ಮುಂಬಯಿವರೆಗಿನ ರೈಲು ಅವಳ ಲೆಕ್ಕಕ್ಕೆ ಬರಲಿಲ್ಲ. ರೈಲು ನಂಜನಗೂಡಿಗೂ ಬರುತ್ತದೆ, ನಮ್ಮದೇ ನೆಲದ ಮೇಲೆ ಓಡುತ್ತದೆ. ಸಮುದ್ರ ದಾಟುವುದಷ್ಟೇ ದೂರ.

ಗಂಡನ ಊರು ಕಳಲೆಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. "ನರಸೀಪುರದ ಬಸ್ಸು ಕಾದು, ಅತ್ತಿ, ನಾನು ಎಮ್ಮಿಗೇಲಿರೋ ತವರು ಸೇರೋ ಒತ್ಗೆ ನಮ್ಮೋರು ಮಸ್ಕತ್ತಲ್ಲಿ ಕೈಕಾಲು ತೊಳ್ಕಂಡಿರ್ತಾರೆ ಕಣಕ್ಕ."

"ಅಂಗಾರೆ ಸಂಜೆ ಉಣ್ಣಕೆ ಕರೆಸವ್ವ, ಮುದ್ದೆ ನಾನೇ ಇಕ್ತೀನಿ" ಎಂದು ಪಕ್ಕದ ಮನೆಯ ಚಿಕ್ಕಬಸಮ್ಮ ನಗುತ್ತಿದ್ದಳು.

ಅದು ತೊಂಬತ್ತೇಳನೇ ಇಸವಿ. ಬಾಣಂತನ ಮುಗಿಸಿ ರುದ್ರಾಣಿ ಗಂಡುಮಗುವಿನೊಂದಿಗೆ ಕಳಲೆಗೆ ಮರಳಿದಳು. ಸೋಮವಾರ ಮಗುವಿಗೆ ಲಿಂಗ ಕಟ್ಟುವುದೆಂದು ಮಠದ ಅಯ್ಯನವರು ಗೊತ್ತುಮಾಡಿದರು. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂರಬೇಕಾದವನು ತಂದೆ.

"ಮೂರೇ ಗಂಟೆ ಅಂತೀಯಲ್ಲ, ಬರೇಳು ಅವನ್ಗೆ" ಎಂದರು ಅತ್ತೆ ಗುರುಸಿದ್ದಮ್ಮ.

ಭಾನುವಾರ ಎಂದಿನಂತೆ ಮದನನ ಎಸ್‌ಟಿಡಿ ಬೂತಿಗೆ ಅಮೃತೇಶನ ಫೋನು ಬಂತು.

"ಬೆಳಿಗ್ಗೆ ಒಂಟ್ರೆ ಮದ್ಯಾನಕ್ಕೆ ಇಲ್ಲಿರ್ತೀರ. ಪೂಜೆ ಮುಗಿಸ್ಕಂಡು ಓಗಿ, ಯಾರು ಬ್ಯಾಡ ಅಂದೋರು?" ಎಂದಳು ರುದ್ರಾಣಿ.

ಅವನು ದನಿ ತಗ್ಗಿಸಿದ: "ಪಾಸ್‌ಪೋರ್ಟು ಮಾಲೀಕ ಇಸ್ಕಂಡು ಬೀಗ ಆಕವ್ನೆ ಕಣಮ್ಮಿ. ಕೇಳ್ದೆ, ಬೇಡ್ಕಂಡೆ. ಎರಡು ವರ್ಸ ಆಗಗಂಟ ಕೊಡಕಿಲ್ಲ ಅಂದ. ಅವ್ವಂಗೆ ಮಾತ್ರ ಏಳ್ಬ್ಯಾಡ. ಮಗನ್ನ ಕಟ್ಟಾಕವ್ರೆ ಅಂತ ಗೊತ್ತಾದ್ರೆ ಅನ್ನ ಬುಟ್ಬುಡ್ತಾಳೆ."

ಮಗು ಯಾರ ಹಾಗಿದೆ ಎಂದು ಅವನು ಕೇಳುವಷ್ಟರಲ್ಲಿ ಲೈನು ಕಡಿಯಿತು.

ಜಗಲಿಯ ಮೇಲೆ ಅತ್ತೆಯೂ ಚಿಕ್ಕಬಸಮ್ಮನೂ ಕಾದಿದ್ದರು.

"ಏನಂದ? ಎಷ್ಟೊತ್ಗೆ ಬತ್ತಾನಂತೆ?" ಎಂದರು ಅತ್ತೆ.

"ಇಮಾನ ಈಗ್ಲೇ ಅತ್ತಿಬುಟ್ನಾ?" ಚಿಕ್ಕಬಸಮ್ಮ ಕಣ್ಣು ಮಿಟುಕಿಸಿದಳು.

ರುದ್ರಾಣಿಯ ಕೈ ಕೊರಳಿನ ಲಿಂಗದ ಕರಡಿಗೆಗೆ ಹೋಯಿತು. ಅದನ್ನು ಮುಟ್ಟಿಕೊಂಡು ಅವಳು ಸುಳ್ಳಾಡಿದವಳಲ್ಲ. ಕೈ ಇಳಿಸಿದಳು.

"ನಾನು ದಡ್ಡಿ, ತೆಪ್ಪಾಗಿ ತಿಳ್ಕಂಡಿದ್ದೆ ಅತ್ತೆ. ಮೂರು ಗಂಟೆ ಅಲ್ವಂತೆ, ಮೂರು ದಿವ್ಸ ಇಡೀತದಂತೆ. ಇಮಾನ ಅಲ್ಲಲ್ಲಿ ಇಳ್ಕಂಡು ಓಯ್ತದಂತೆ."

"ಅಯ್ಯೋ ನಿನ್ ಬುದ್ದಿಗಷ್ಟು! ವರ್ಸೆಲ್ಲ ಊರಿಗೆಲ್ಲ ಸಾರ್ಕಂಡು ಬಂದಲ್ಲೇ!" ಚಿಕ್ಕಬಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ರುದ್ರಾಣಿಯೂ ನಕ್ಕಳು.

ಗುರುಸಿದ್ದಮ್ಮ ನಗಲಿಲ್ಲ. "ಅಷ್ಟು ದೂರ ಓದ್ನಾ ನನ್ ಕಂದ? ಪಾಪ, ಎಂಗೆ ಬಂದಾನು" ಎಂದು ಕಣ್ಣೊರೆಸಿಕೊಂಡರು. "ನಂಜುಂಡಪ್ಪ ಅಲ್ಲೂ ಅವ್ನೆ, ಕಾಯ್ತಾನೆ" ಎಂದು ನಂಜನಗೂಡಿನ ದಿಕ್ಕಿಗೆ ಕೈ ಮುಗಿದರು. ಎದ್ದು ನಾಳೆಯ ಅಡುಗೆಗೆ ಅಕ್ಕಿ ಆರಿಸಲು ಕೂತರು.

ಸೋಮವಾರ ಹೆಮ್ಮಿಗೆಯಿಂದ ಬಂದ ರುದ್ರಾಣಿಯ ಅಣ್ಣ ಶಂಭುಲಿಂಗಪ್ಪ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ. ಅಯ್ಯನವರು ವಿಭೂತಿ ಹಚ್ಚಿ, ಲಿಂಗ ಕಟ್ಟಿ, ಕಿವಿಯಲ್ಲಿ ಮಂತ್ರ ಹೇಳಿದರು. ಊಟದ ಪಂಕ್ತಿಯಲ್ಲಿ ಅತ್ತೆ ಒಬ್ಬೊಬ್ಬರ ಎಲೆಯ ಮುಂದೆಯೂ ನಿಂತು ಮಗ ಬಾರದ ಕಾರಣ ಹೇಳುತ್ತಿದ್ದರು. ಕಡೆಯ ಪಂಕ್ತಿಯ ಹೊತ್ತಿಗೆ ಮಸ್ಕತ್ತು ವಾರದ ಹಾದಿಯಾಗಿತ್ತು. ಕೇಳಿದವರೆಲ್ಲ ಲೊಚಗುಟ್ಟಿದರು. ಯಾರೂ ಅಮೃತೇಶನನ್ನು ಬೈಯಲಿಲ್ಲ.

ರುದ್ರಾಣಿ ಒಳಗೆ ಮಗುವಿಗೆ ಹಾಲೂಡಿಸುತ್ತಿದ್ದಳು. ಮಾಲೀಕ ಬೀಗ ತೆಗೆದರೆ, ಈಗ ಹೊರಟರೂ ದೀಪ ಹಚ್ಚುವ ಮೊದಲೇ ಬಂದುಬಿಡಬಹುದು ಎಂದು ಅವಳೊಬ್ಬಳೇ ನಂಬಿದ್ದಳು.

"ರುದ್ರಾಣಿ, ಪಾಯ್ಸ ತತ್ತಾ" ಎಂದು ಅತ್ತೆ ಕೂಗಿದರು.

ಮಗುವನ್ನು ಮಲಗಿಸಿ ಎದ್ದಳು.