ಅಂಗೈ ಕೊಟ್ಟು ಬಾ

ತಂಬಿಗೆಯಿಂದ ನೀರು ಹೊಯ್ಯುತ್ತಿದ್ದ ಅಮ್ಜದ್ ಅಪ್ಪನ ಬಲಮೊಣಕಾಲಿಗೆ ಬಂದಾಗ ಕೈ ತಡೆದ. ಹೊಲಿಗೆಯ ಗುರುತು ಹಾಗೇ ಇತ್ತು. ಶವಕ್ಕೆ ಸ್ನಾನ ಮಾಡಿಸಲು ಬಂದಿದ್ದ ಹಿರಿಯರು, ಹಾಕಪ್ಪ, ನಿಲ್ಲಿಸಬೇಡ ಎಂದರು. ಹಾಕಿದ. ಅಳು ಬರಲಿಲ್ಲ. ಅಪ್ಪನ ಉಸಿರು ನಿಂತಾಗಿನಿಂದ ಒಳಗೆ ಬಚ್ಚಲು ಕಟ್ಟಿಕೊಂಡ ಹಾಗಾಗಿತ್ತು.

ಆ ಮೊಣಕಾಲು ಒಂದು ಕಾಲಕ್ಕೆ ಮನೆಗೆ ಸಂಬಳ ತಂದಿತ್ತು. ಅಪ್ಪ, ಸಿಂಧನೂರಿನ ದಾವಲ್‌ಸಾಬ್, ಹೈದರಾಬಾದಿನ ಕ್ಲಬ್ಬಿಗೆ ಫುಟ್‌ಬಾಲ್ ಆಡಿದವನು. ಕಾಲು ಮುರಿದ ಮೇಲೆ ಊರಿಗೆ ಬಂದು, ಕಾಲುವೆ ಪಕ್ಕದ ಬಯಲಲ್ಲಿ ಹುಡುಗರನ್ನು ಕಟ್ಟಿಕೊಂಡು ಕ್ಲಬ್ ಮಾಡಿದ. ಕೋಚ್ ಅವನೇ, ಡೈರೆಕ್ಟರ್ ಅವನೇ, ಬೆಳಗಾದರೆ ಬಯಲಿಗೆ ಸುಣ್ಣದ ಗೆರೆ ಎಳೆಯುವವನೂ ಅವನೇ.

ಶವದ ಮುಂದೆ ನಿಂತು ಮಾಡುವ ಜನಾಜಾ ನಮಾಜಿಗೆ ಮುಂಚೆ, ಸತ್ತವನ ಪರವಾಗಿ ಮಂದಿಯ ಮಾಫಿ ಕೇಳಬೇಕಾದವನು ಮಗ. ತಾಯಿ ಮಾಬುಬೀ ಒಳಗಿನಿಂದ ಅದನ್ನೇ ಹೇಳಿ ಕಳಿಸಿದ್ದಳು. ತಾನೇ ಮಾಫ್ ಮಾಡದವನ ಪರವಾಗಿ ಊರನ್ನು ಹೇಗೆ ಕೇಳುವುದು? ಅಮ್ಜದ್ ಹೊರಗೆ ಬಂದು ಅಮರಗುಂಡಪ್ಪನ ಪಕ್ಕ ಕುಕ್ಕರಿಸಿದ. ಮಸ್ಕಿಯ ಅಮರಗುಂಡಪ್ಪ ಅಪ್ಪನ ಜೊತೆ ನಿಂತು ಕ್ಲಬ್ ಕಟ್ಟಿದವನು.

“ಕಾಕಾ, ಬ್ಯಾರೆ ಯಾರ ಕಡಿಂದಾದ್ರೂ ಕೇಳಸ್ರಿ. ನನ್ನಿಂದ ಆಗಂಗಿಲ್ಲ.”

“ಇನ್ನೂ ಲಿಂಗಸೂಗೂರಿನ ಮ್ಯಾಚಿನ ಸಿಟ್ಟು ಹಿಡ್ಕೊಂಡು ಕುಂತೀಯೇನು?”

ಅಮ್ಜದ್ ಬೆರಳಿನಿಂದ ನೆಲದ ಮಣ್ಣಿನಲ್ಲಿ ಗೆರೆ ಎಳೆಯತೊಡಗಿದ.

“ತಪ್ಪು ಅವಂದ ಐತಿ. ನಾ ಅವತ್ತ ಬಾಜೂಕ ಕುಂತಿದ್ದೆ, ನಂಗೊತ್ತು. ಆದ್ರ ಅವ ಇನ್ನ ಬಾಯಿ ಬಿಡಂಗಿಲ್ಲ ತಮ್ಮಾ. ನೀನ ಕೇಳಬೇಕು.”

*

ವರ್ಷಗಳ ಹಿಂದಿನ ಲಿಂಗಸೂಗೂರಿನ ಫೈನಲ್. ಬೆಂಗಳೂರಿನ ಕ್ಲಬ್ಬಿಗೆ ಹುಡುಗರನ್ನು ಆರಿಸಲು ಒಬ್ಬರು ಬಂದು ಶಾಮಿಯಾನದ ಕೆಳಗೆ ಕುಳಿತಿದ್ದರು. ಅಮ್ಜದ್ ಆಗಲೇ ಒಂದು ಗೋಲು ಹೊಡೆದಿದ್ದ. ಡೈರೆಕ್ಟರ್ ಸಾಹೇಬರಿಗೆ ಮಗನನ್ನು ಬಿಟ್ಟರೆ ಯಾರೂ ಕಾಣುವುದಿಲ್ಲ ಎಂದು ಚಹಾದಂಗಡಿಯಲ್ಲಿ ಯಾರೋ ಅಂದದ್ದು ಅಪ್ಪನ ಕಿವಿಗೆ ಬಿದ್ದಿತ್ತು. ಅಷ್ಟೇ ಸಾಕಾಯಿತು ಆ ಪುಣ್ಯಾತ್ಮನಿಗೆ. ಗೆರೆಯ ಹತ್ತಿರ ಬಂದು ಮಗನಿಗೆ ಕೈ ಮಾಡಿ ಆಟದಿಂದ ಹೊರಗೆ ಕರೆದ. ಪಕ್ಕದಲ್ಲಿ, ಅವನ ಬದಲು ಆಡಲು ಇಳಿಯಬೇಕಿದ್ದ ಮುಕ್ಕುಂದದ ವಿರೇಶ ಅಂಗೈ ಚಾಚಿ ನಿಂತಿದ್ದ. ಹೊರಬರುವವನು ಒಳಹೋಗುವವನ ಅಂಗೈಗೆ ಅಂಗೈ ಕೊಡಬೇಕು, ಅದು ದಾವಲ್‌ಸಾಬನ ಕಾಯಿದೆ.

“ಸಿಟ್ಟಿದ್ರ ನನ್ನ ಮ್ಯಾಲ ಇಟ್ಕೊ. ಅವಗ ಅಂಗೈ ಕೊಟ್ಟು ಬಾ.”

ಅಮ್ಜದ್ ಕೊಡಲಿಲ್ಲ. ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದ.

ವಿರೇಶ ಬೆಂಗಳೂರಿನ ಕ್ಲಬ್ಬಿಗೆ ಹೋದ, ಅಮ್ಜದ್ ಅಕ್ಕಿ ಗಿರಣಿಗೆ. ಅಪ್ಪ ಮಗ ಒಂದೇ ಸೂರಿನಡಿ ಇದ್ದರು. ಊಟ, ಔಷಧಿ ಬಿಟ್ಟರೆ ಅವರ ನಡುವೆ ಬೇರೆ ಮಾತಿರಲಿಲ್ಲ.

*

ಮಸೀದಿಯ ಅಂಗಳದಲ್ಲಿ ಸಾಲು ನಿಂತಿತು. ಗೇಟಿನಾಚೆ ಅಮರಗುಂಡಪ್ಪ ಟೋಪಿ ಬದಲು ಕರ್ಚೀಫು ಕಟ್ಟಿಕೊಂಡು ನಿಂತಿದ್ದ. ಅಮ್ಜದ್ ಮುಂದೆ ಬಂದ.

“ನಮ್ಮಪ್ಪ ಯಾರಿಗಾದ್ರೂ ಬೈದಿದ್ರ, ಅನ್ಯಾಯ ಮಾಡಿದ್ರ, ಮಾಫ್ ಮಾಡ್ರಿ.”

ದನಿ ಬೇರೆ ಯಾರದೋ ಅನ್ನಿಸಿತು. ಸಾಲುಗಳಿಂದ ಮಾಫ್, ಮಾಫ್ ಎಂದು ಬಂತು. ಆ ಮಾತಿಗೆ ಅವನ ನಾಲಿಗೆ ಮಾತ್ರ ಹೊರಳಲಿಲ್ಲ.

ನಮಾಜು ಮುಗಿದು, ಶವ ಹೊತ್ತ ಮಂಚ, ಜನಾಜಾ, ಎದ್ದಿತು. ಹೆಗಲಿಂದ ಹೆಗಲಿಗೆ ದಾಟುತ್ತ ಖಬರಸ್ತಾನದ ದಾರಿ ಹಿಡಿಯಿತು. ಕ್ಲಬ್ಬಿನ ಹುಡುಗರು ಹೆಗಲು ಕೊಡಲು ಬಂದವರು, ಆಟದ ರೂಢಿಯಂತೆ, ಸರಿಯುವವನ ಅಂಗೈಗೆ ಅಂಗೈ ತಟ್ಟಿಯೇ ಒಳಗೆ ಬರುತ್ತಿದ್ದರು. ಒಬ್ಬ ಮುದುಕರು ಮುಖ ಸಿಂಡರಿಸಿ, ಇದೇನು ಮ್ಯಾಚ್ ಅಂದ್ಕೊಂಡೀರೇನು ಎಂದು ಗದರಿದರು. ಹುಡುಗರು ನಾಚಿ ಕೈ ಹಿಂದೆ ತೆಗೆದರು.

“ಬಿಡ್ರಿ ಚಾಚಾ,” ಅಂದ ಅಮರಗುಂಡಪ್ಪ. “ಒಳಗ ಮಲಗ್ಯಾನಲ್ಲ, ಅವನ ಕಲಿಸಿದ್ದು.”

ಜನಾಜಾದ ಮುಂದಿನ ಕೋಲು ಹೊತ್ತಿದ್ದ ಅಮ್ಜದನ ಪಕ್ಕದಲ್ಲಿ ಒಂದು ಅಂಗೈ ಬಂತು. ವಿರೇಶ. ಬೆಂಗಳೂರಿನಿಂದ ಬಸ್ಸಿಳಿದು ನೇರ ಬಂದಿದ್ದ, ಕೂದಲು ನೆರೆಯತೊಡಗಿತ್ತು. ಕೋಲು ಮುಟ್ಟಲಿಲ್ಲ, ಕೇಳಲಿಲ್ಲ. ಅಂಗೈ ಚಾಚಿಕೊಂಡು ಸುಮ್ಮನೆ ಜೊತೆಗೆ ನಡೆಯುತ್ತಿದ್ದ. ಅಮ್ಜದ್ ಒಂದಷ್ಟು ದೂರ ನೋಡದವನ ಹಾಗೆ ನಡೆದ. ಹೆಗಲು ಸೋತಿತ್ತು. ಕೊನೆಗೆ ಅವನ ಅಂಗೈ ಮೇಲೆ ತನ್ನದನ್ನು ಇಟ್ಟ. ಕೋಲಿನಡಿಯಿಂದ ಜಾರಿ ಹೊರಬರುವಾಗ, “ಮಾಫ್, ಅಬ್ಬಾ” ಎಂದದ್ದು ಯಾರಿಗೂ ಕೇಳಿಸಲಿಲ್ಲ.

ಆಟದಲ್ಲಾದರೆ ಹೊರಬಂದವನು ಮತ್ತೆ ಒಳಹೋಗುವಂತಿಲ್ಲ. ಜನಾಜಾಕ್ಕೆ ಆ ಕಾಯಿದೆ ಇಲ್ಲ. ಅಮ್ಜದ್ ಮಂದಿಯನ್ನು ಸರಿಸುತ್ತ ಮುಂದಕ್ಕೆ ಓಡಿದ. ಖಬರಸ್ತಾನದ ಗೇಟಿನ ಹತ್ತಿರ ನಿಂತು, ಅಪ್ಪನನ್ನು ಹೊತ್ತು ಬರುತ್ತಿದ್ದ ವಿರೇಶನ ಕಡೆಗೆ ಅಂಗೈ ಚಾಚಿದ.